ಐದು ಲಕ್ಷದೊಳಗೆ ಮದುವೆ: ಎಲೆಯ ಲೆಕ್ಕದಿಂದ ನೋಂದಣಿಯವರೆಗೆ

“ನಮಗೇನೂ ಬೇಡ, ಮದುವೆಯೊಂದನ್ನು ಚೆನ್ನಾಗಿ ಮಾಡಿಕೊಡಿ ಸಾಕು.” ಹೆಣ್ಣಿನ ಮನೆಯವರ ಪಾಲಿಗೆ ಇದಕ್ಕಿಂತ ದುಬಾರಿಯಾದ ಮಾತು ಇನ್ನೊಂದಿಲ್ಲ. ಇಷ್ಟು ಹಣ ಕೊಡಿ ಎಂದು ಬಾಯಿಬಿಟ್ಟು ಕೇಳಿದರೆ ಅದು ವರದಕ್ಷಿಣೆಯಾಗುತ್ತದೆ, 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. “ಚೆನ್ನಾಗಿ” ಎಂಬುದಕ್ಕೆ ಮಾತ್ರ ಯಾವ ಕಾಯ್ದೆಯೂ ಮಿತಿ ಹಾಕಿಲ್ಲ. ಆ ಒಂದು ಪದದೊಳಗೆ ಎರಡು ದಿನದ ಛತ್ರ, ಸಾವಿರ ಜನರ ಊಟ, ಹೂವಿನ ಗೋಡೆ, ಡ್ರೋನ್ ಕ್ಯಾಮೆರಾ ಎಲ್ಲವೂ ಬಂದು ಕೂರುತ್ತವೆ.

ಈ ಮಾರ್ಗದರ್ಶಿ ಹಳೇ ಮೈಸೂರು ಕಡೆಯ ತಾಲ್ಲೂಕು ಊರೊಂದರ ಮದುವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕೈಯಲ್ಲಿ ಐದು ಲಕ್ಷ ರೂಪಾಯಿ, ಕರೆಯಬೇಕಾದವರು ಮುನ್ನೂರು–ನಾನೂರು ಮಂದಿ ಎಂದು ಇಟ್ಟುಕೊಳ್ಳೋಣ. ಚಿನ್ನವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದರ ಬೆಲೆ ಈಗ ಏರಿರುವ ಎತ್ತರದಲ್ಲಿ ಒಂದೆರಡು ಒಡವೆಯೇ ಉಳಿದೆಲ್ಲ ಲೆಕ್ಕವನ್ನು ನುಂಗಿಹಾಕುತ್ತದೆ. ಅದಕ್ಕೆ ಬೇರೆಯದೇ ಖಾತೆ ಇರಲಿ.

ಮೊದಲು ಬೀಗರೊಡನೆ ಮಾತು

ಮದುವೆಯ ಖರ್ಚು ನಿರ್ಧಾರವಾಗುವುದು ಅಂಗಡಿಗಳಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ಅದರ ಮುಕ್ಕಾಲು ಭಾಗ ಮಾತುಕತೆಯ ದಿನವೇ, ಜಮಖಾನೆಯ ಮೇಲೆ ಕುಳಿತಲ್ಲಿಯೇ ನಿಶ್ಚಯವಾಗಿರುತ್ತದೆ. ಆದ್ದರಿಂದ ಎಲೆ ಅಡಿಕೆ ಬದಲಿಸುವ ಮುನ್ನ ಮೂರು ವಿಷಯಗಳನ್ನು ಬಿಡಿಸಿ ಮಾತನಾಡಿ: ಒಂದು ದಿನದ ಮದುವೆಯೋ ಎರಡು ದಿನದ್ದೋ, ಎರಡೂ ಕಡೆಯಿಂದ ತಲಾ ಎಷ್ಟು ಜನ, ಯಾವ ಖರ್ಚು ಯಾರದು. ಹೆಣ್ಣಿನ ಕಡೆಯವರು ಧಾರೆಯ ಖರ್ಚು, ಗಂಡಿನ ಕಡೆಯವರು ಬೀಗರ ಊಟ ಎಂಬ ಹಳೆಯ ಹಂಚಿಕೆ ಈಗ ಹೆಣ್ಣಿನ ಕಡೆಗೇ ಭಾರ. ಊಟದ ಖರ್ಚನ್ನು ಎಲೆಯ ಪ್ರಕಾರ, ಅವರವರ ನೆಂಟರ ಸಂಖ್ಯೆಗೆ ತಕ್ಕಂತೆ ಹಂಚಿಕೊಳ್ಳೋಣ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ನನ್ನ ಅನುಭವದಲ್ಲಿ ಈ ಮಾತನ್ನು ಹುಡುಗನೇ ತನ್ನ ಅಪ್ಪ ಅಮ್ಮನ ಮುಂದೆ ಎತ್ತಿದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಹುಡುಗಿಯ ಸೋದರಮಾವ ಎತ್ತಿದರೆ ತಿಂಗಳುಗಟ್ಟಲೆ ಎಳೆಯುತ್ತದೆ.

ಇದೇ ದಿನ ಇನ್ನೊಂದು ಒಪ್ಪಂದ ಆಗಬೇಕು. ಮರ್ಯಾದೆ ಸೀರೆಗಳನ್ನು ಎರಡೂ ಕಡೆ ನಿಲ್ಲಿಸುವುದು. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ, ನಾದಿನಿ, ಓರಗಿತ್ತಿ ಎಂದು ಪಟ್ಟಿ ಮಾಡಿ ಸಗಟಾಗಿ ತರುವ ಆ ಸೀರೆಗಳನ್ನು ಕೊಟ್ಟವರೂ ಉಡುವುದಿಲ್ಲ, ಪಡೆದವರೂ ಉಡುವುದಿಲ್ಲ. ಅವು ಬೀರುವಿನಿಂದ ಬೀರುವಿಗೆ ಊರೂರು ಸುತ್ತುತ್ತಿರುತ್ತವೆ. ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆಯಲ್ಲಿ ಮರ್ಯಾದೆ ಮುಗಿಸಿದರೆ ಹತ್ತಾರು ಸಾವಿರ ಉಳಿಯುತ್ತದೆ. ಒಂದು ಕಡೆಯವರು ಮಾತ್ರ ನಿಲ್ಲಿಸಿದರೆ ಮುನಿಸು ಖಂಡಿತ, ಹಾಗಾಗಿ ಇಬ್ಬರೂ ಒಟ್ಟಿಗೆ ನಿಲ್ಲಿಸಬೇಕು.

ಎಲೆಯ ಲೆಕ್ಕ

ಅಡುಗೆ ಭಟ್ಟರು ಮದುವೆಯನ್ನು ಅಳೆಯುವುದು ಎಲೆಯಲ್ಲಿ. “ರಾತ್ರಿಗೆ ಎಷ್ಟು ಎಲೆ? ಬೆಳಿಗ್ಗೆಗೆ ಎಷ್ಟು?” ಎಂಬುದೇ ಅವರ ಮೊದಲ ಪ್ರಶ್ನೆ. ನೀವೂ ಹಾಗೆಯೇ ಅಳೆಯಿರಿ. ಎಷ್ಟು ಜನರನ್ನು ಕರೆಯಬೇಕು ಎಂದು ಯೋಚಿಸುವವರು ಬಹಳ, ಒಬ್ಬೊಬ್ಬರಿಗೂ ಎಷ್ಟು ಹೊತ್ತಿನ ಊಟ ಎಂದು ಯೋಚಿಸುವವರು ಕಡಿಮೆ. ಹಣ ಸೋರುವುದು ಆ ಎರಡನೆಯ ಜಾಗದಲ್ಲಿ.

ನಮ್ಮ ಕಡೆ ರೂಢಿಯಾಗಿರುವ ಕ್ರಮ ನೋಡಿ. ಹಿಂದಿನ ದಿನ ಸಂಜೆ ವರಪೂಜೆ, ಆಮೇಲೆ ಆರತಕ್ಷತೆ, ರಾತ್ರಿ ಭರ್ಜರಿ ಊಟ. ಮರುದಿನ ಬೆಳಿಗ್ಗೆ ತಿಂಡಿ, ಧಾರೆ, ಮಧ್ಯಾಹ್ನದ ಊಟ. ಊಟಕ್ಕೆ ಎಲೆಯೊಂದಕ್ಕೆ 250 ರೂಪಾಯಿ, ತಿಂಡಿಗೆ 100 ಎಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ. ಸಂಜೆಯ ತಿಂಡಿ 150 ಜನಕ್ಕೆ 15,000. ರಾತ್ರಿಯ ಊಟ 400 ಎಲೆಗೆ 1,00,000. ಬೆಳಗಿನ ತಿಂಡಿ 200 ಜನಕ್ಕೆ 20,000. ಧಾರೆಯ ಊಟ 350 ಎಲೆಗೆ 87,500. ಒಟ್ಟು 2,22,500. ಅದೇ ಜನರನ್ನು ಒಂದೇ ದಿನ, ಒಂದೇ ಊಟಕ್ಕೆ ಕರೆಯಿರಿ: ಬೆಳಗಿನ ತಿಂಡಿ ಹತ್ತಿರದ 120 ಜನಕ್ಕೆ 12,000, ಮಧ್ಯಾಹ್ನದ ಊಟ 400 ಎಲೆಗೆ 1,00,000. ಒಟ್ಟು 1,12,000. ಯಾರ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಿಲ್ಲ; ಉಳಿದದ್ದು ಒಂದು ಲಕ್ಷಕ್ಕೂ ಹೆಚ್ಚು. ನಿಮ್ಮ ಊರಿನ ದರ ಬೇರೆಯಿದ್ದರೂ ಅನುಪಾತ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ: ಆರತಕ್ಷತೆಯ ರಾತ್ರಿಯನ್ನು ಪೂರ್ತಿ ಬಿಟ್ಟುಬಿಡಿ. ಕರಾವಳಿಯಲ್ಲಿ ಮದುವೆಯೆಂದರೆ ಒಂದು ಮಧ್ಯಾಹ್ನದ ಮಾತು. ಉತ್ತರ ಕರ್ನಾಟಕದಲ್ಲಿಯೂ ಬಹಳ ಕಡೆ ಅಕ್ಕಿಕಾಳು ಬಿದ್ದ ಕೂಡಲೇ ಊಟದ ಪಂಕ್ತಿ ಕೂರುತ್ತದೆ. ಅಲ್ಲಿನವರ ಮದುವೆ ನಮ್ಮದಕ್ಕಿಂತ ಕಳೆಗುಂದಿದ್ದನ್ನು ನಾನು ಕಂಡಿಲ್ಲ. ಅಷ್ಟಕ್ಕೂ ಆರತಕ್ಷತೆಯಲ್ಲಿ ಆಗುವುದೇನು? ಗಂಡು ಹೆಣ್ಣು ಮೂರು ತಾಸು ಬೆಳಕಿನ ಕೆಳಗೆ ನಿಂತು, ಸಾಲಿನಲ್ಲಿ ಬಂದವರಿಗೆಲ್ಲ ನಕ್ಕು, ಕವರು ಕೈಗೆ ತೆಗೆದುಕೊಂಡು, ಕೊನೆಗೆ ಆರಿದ ಊಟ ಮಾಡುತ್ತಾರೆ. ಬಂದವರಲ್ಲಿ ಯಾರೊಡನೆಯೂ ನಾಲ್ಕು ಮಾತು ಆಡಿರುವುದಿಲ್ಲ. ಧಾರೆ ಮುಗಿದ ಮೇಲೆ ಅರ್ಧ ತಾಸು ಇಬ್ಬರನ್ನೂ ಕೆಳಗಿಳಿಸಿ ಪಂಕ್ತಿಗಳ ನಡುವೆ ಓಡಾಡಿಸಿದರೆ ಆ ಕೆಲಸ ಅದಕ್ಕಿಂತ ಚೆನ್ನಾಗಿ ಆಗುತ್ತದೆ.

ಪಟ್ಟಿಯನ್ನು ಕುಟುಂಬಗಳ ಲೆಕ್ಕದಲ್ಲಿ ಬರೆಯಬೇಡಿ, ತಲೆ ಎಣಿಸಿ. “ಕುಟುಂಬ ಸಮೇತ” ಎಂಬುದು ಒಂದು ಮನೆಯಲ್ಲಿ ಇಬ್ಬರು, ಇನ್ನೊಂದರಲ್ಲಿ ಒಂಬತ್ತು. ಪ್ರತಿ ಹೆಸರಿನ ಮುಂದೆ ಖಂಡಿತ ಬರುವವರೆಷ್ಟು, ಬಂದರೆ ಬರಬಹುದಾದವರೆಷ್ಟು ಎಂದು ಎರಡು ಅಂಕಿ ಬರೆಯಿರಿ. ಮೊದಲನೆಯದನ್ನು ಪೂರ್ತಿ, ಎರಡನೆಯದರಲ್ಲಿ ಅರ್ಧ ಹಿಡಿದು ಭಟ್ಟರಿಗೆ ಹೇಳಿ. ವಾರದ ನಡುವಿನ ಮುಹೂರ್ತವಾದರೆ ಅರ್ಧಕ್ಕಿಂತಲೂ ಕಡಿಮೆ ಹಿಡಿಯಬಹುದು.

ಇನ್ನು ಐದು ಲಕ್ಷದ ಹಂಚಿಕೆ. ಚಪ್ಪರದ ದಿನದ ಮನೆಯೂಟವೂ ಸೇರಿ ಊಟಕ್ಕೆ 1,30,000, ಛತ್ರ, ಕರೆಂಟು, ಸ್ವಚ್ಛತೆಗೆ 60,000, ಬಟ್ಟೆಬರೆಗೆ 70,000, ಫೋಟೋ ವಿಡಿಯೋಗೆ 40,000, ಹೂವು ಮತ್ತು ಅಲಂಕಾರಕ್ಕೆ 35,000, ಪುರೋಹಿತರು, ಓಲಗ, ಪೂಜಾ ಸಾಮಗ್ರಿಗೆ 30,000, ವಾಹನಗಳಿಗೆ 25,000, ಲಗ್ನಪತ್ರಿಕೆ ಮತ್ತು ಕರೆಯಲು ಹೋಗುವ ಓಡಾಟಕ್ಕೆ 20,000, ತಾಂಬೂಲಕ್ಕೆ 20,000. ಉಳಿದ 70,000 ಯಾರ ಕಣ್ಣಿಗೂ ಬೀಳದಂತೆ ಬ್ಯಾಂಕಿನಲ್ಲಿ ಇರಲಿ. ಕೊನೆಯ ವಾರದಲ್ಲಿ ಅದಕ್ಕೆ ದಾರಿ ತಾನಾಗಿಯೇ ಹುಟ್ಟುತ್ತದೆ. ಮುಯ್ಯಿಯಾಗಿ ಬರುವ ಹಣವನ್ನು ಎಣಿಸಿಕೊಂಡು ಮುಂಗಡವಾಗಿ ಸಾಲ ಮಾಡುವ ಮನೆಗಳಿವೆ. ಅದು ಬೇರೆಯವರ ಜೇಬನ್ನು ನಂಬಿ ನಮ್ಮ ಮನೆ ಕಟ್ಟುವ ಕೆಲಸ, ಬೇಡ.

ದಿನ ಮತ್ತು ಛತ್ರ

ಆಷಾಢ, ಪುಷ್ಯ, ಅಧಿಕ ಮಾಸಗಳಲ್ಲಿ ನಮ್ಮವರು ಮದುವೆ ಮಾಡುವುದಿಲ್ಲ. ಹಾಗಾಗಿ ವರ್ಷದ ಮದುವೆಗಳೆಲ್ಲ ಮಾಘದಿಂದ ಜ್ಯೇಷ್ಠದವರೆಗಿನ ಕೆಲವು ಭಾನುವಾರಗಳ ಮೇಲೆ ಮುಗಿಬೀಳುತ್ತವೆ. ಆ ಭಾನುವಾರಗಳಲ್ಲಿ ಛತ್ರ, ಭಟ್ಟರು, ಫೋಟೋದವರು, ಮಲ್ಲಿಗೆ ಎಲ್ಲಕ್ಕೂ ಒಂದೇ ಬೆಲೆ: ಅವರು ಹೇಳಿದ್ದು. ಪುರೋಹಿತರ ಬಳಿ ಒಂದೇ ಮುಹೂರ್ತ ಕೇಳಬೇಡಿ. ಬುಧವಾರ, ಗುರುವಾರ ಬರುವಂಥ ನಾಲ್ಕೈದನ್ನು ಕೇಳಿ ಬರೆಸಿಕೊಂಡು, ಛತ್ರದ ದರ ನೋಡಿದ ಮೇಲೆ ಅವುಗಳಲ್ಲೊಂದನ್ನು ಆರಿಸಿ. ಶ್ರಾವಣವೂ ಮದುವೆಗೆ ಆಗುವ ತಿಂಗಳೇ. ಆದರೆ ವರಮಹಾಲಕ್ಷ್ಮಿ ಹಬ್ಬದ ವಾರ ಹೂವಿನ ಬೆಲೆ ಆಕಾಶಕ್ಕೇರುತ್ತದೆ, ಅದರ ಹಿಂದುಮುಂದಿನ ದಿನ ತಪ್ಪಿಸಿ.

ದೇವಸ್ಥಾನದ ಕಲ್ಯಾಣ ಮಂಟಪ, ಊರಿನ ಸಮುದಾಯ ಭವನ, ಅಂಬೇಡ್ಕರ್ ಭವನಗಳನ್ನು ಮೊದಲು ವಿಚಾರಿಸಿ, ಖಾಸಗಿ ಛತ್ರವನ್ನು ಕೊನೆಗೆ. ಮನೆಯ ಮುಂದೆ ಜಾಗವಿದ್ದು ಬೇಸಿಗೆಯಾದರೆ ತೆಂಗಿನ ಗರಿಯ ಚಪ್ಪರಕ್ಕೆ ಸಮನಾದದ್ದು ಯಾವುದೂ ಇಲ್ಲ. ಕುರ್ಚಿ, ಪಾತ್ರೆ, ನೀರಿನ ಟ್ಯಾಂಕರ್, ಶೌಚಾಲಯ ಇವಿಷ್ಟನ್ನು ಸೇರಿಸಿ ಲೆಕ್ಕ ಹಾಕಿದ ಮೇಲೂ ಅಗ್ಗವಾದರೆ ಮಾತ್ರ ಅದಕ್ಕೆ ಕೈಹಾಕಿ.

ಖಾಸಗಿ ಛತ್ರದಲ್ಲಿ ಬಾಡಿಗೆ ಎಂದು ಹೇಳುವ ಅಂಕಿ ಬರೀ ಬಾಗಿಲು ತೆರೆಯುವುದಕ್ಕೆ. ಮುಂಗಡ ಕೊಡುವ ಮುನ್ನ ಇವನ್ನು ಕೇಳಿ, ಉತ್ತರವನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ:

- ಛತ್ರ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನಮ್ಮದು? ತಡವಾದರೆ ಗಂಟೆಗೆಷ್ಟು?
- ಕರೆಂಟು ಬಾಡಿಗೆಯಲ್ಲಿ ಸೇರಿದೆಯೇ, ಯೂನಿಟ್ ಲೆಕ್ಕವೇ? ಯೂನಿಟ್ ಲೆಕ್ಕವಾದರೆ ಹೋದ ದಿನ ಮತ್ತು ಬಿಡುವ ದಿನ ಮೀಟರ್‌ನ ಫೋಟೋ ತೆಗೆದಿಡಿ.
- ಜನರೇಟರ್‌ನ ಡೀಸೆಲ್ ಯಾರದು?
- ಪಾತ್ರೆ, ಒಲೆ, ಗ್ಯಾಸ್, ಸ್ವಚ್ಛತೆ, ಕಸ ಎತ್ತುವುದಕ್ಕೆ ಬೇರೆ ದುಡ್ಡೇ?
- ಅವರ ಅಡುಗೆಯವರನ್ನು, ಅಲಂಕಾರದವರನ್ನೇ ತೆಗೆದುಕೊಳ್ಳಬೇಕೇ?

ಕೊನೆಯ ಪ್ರಶ್ನೆಗೆ “ಹೌದು” ಎಂದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಎದ್ದು ಬನ್ನಿ.

ಅಡುಗೆ: ಎರಡು ದಾರಿ

ಎಲೆಗೆ ಇಷ್ಟು ಎಂದು ಪೂರ್ತಿ ಗುತ್ತಿಗೆ ಕೊಡುವುದು ಒಂದು ದಾರಿ. ಭಟ್ಟರಿಂದ ಸಾಮಾನಿನ ಚೀಟಿ ಬರೆಸಿಕೊಂಡು, ದಿನಸಿ, ತರಕಾರಿ, ಹಾಲು ಮೊಸರು ನಾವೇ ತಂದುಕೊಟ್ಟು, ಅವರಿಗೆ ಕೂಲಿ ಮಾತ್ರ ಕೊಡುವುದು ಇನ್ನೊಂದು. ಎರಡನೆಯದು ಅಗ್ಗ, ಆದರೆ ಒಂದು ಷರತ್ತಿನ ಮೇಲೆ: ಉಗ್ರಾಣದ ಬೀಗದ ಕೈ ಹಿಡಿಯಲು ಮನೆಯಲ್ಲಿ ಒಬ್ಬ ನಿಷ್ಠುರ ಮನುಷ್ಯ ಇರಬೇಕು. ಯಾರಿಗೂ “ಇಲ್ಲ” ಎನ್ನಲಾಗದ ಮೃದು ಸ್ವಭಾವದವರ ಕೈಗೆ ಉಗ್ರಾಣ ಕೊಟ್ಟರೆ ತುಪ್ಪದ ಡಬ್ಬಿ, ಗೋಡಂಬಿ, ದ್ರಾಕ್ಷಿ ಕಾಲು ಬಂದು ನಡೆದುಹೋಗುತ್ತವೆ. ಅಂಥ ಚಿಕ್ಕಪ್ಪನೋ ಅತ್ತೆಯೋ ಇಲ್ಲದಿದ್ದರೆ ಗುತ್ತಿಗೆಯೇ ವಾಸಿ.

ಚೀಟಿ ಕೈಗೆ ಬಂದಾಗ ಅಂದಾಜಿಗೆ ಒಂದು ಅಳತೆ ಗೊತ್ತಿರಲಿ. ಚಿತ್ರಾನ್ನ, ಪಲ್ಯ, ಸಿಹಿ ಎಲ್ಲ ಇರುವ ಊಟಕ್ಕೆ ನೂರು ಎಲೆಗೆ ಸುಮಾರು 8ರಿಂದ 10 ಕಿಲೋ ಅಕ್ಕಿ ಸಾಕು. ಹದಿನೈದು ಕಿಲೋ ಬರೆದಿದ್ದರೆ ಯಾಕೆಂದು ಕೇಳಿ. ಗುತ್ತಿಗೆಯಾದರೆ ಎಲೆ ಎಣಿಸುವುದು ಹೇಗೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಬಾಳೆ ಎಲೆಯನ್ನು ನೀವೇ ಎಣಿಸಿ ತಂದು, ಊಟ ಮುಗಿದ ಮೇಲೆ ಉಳಿದದ್ದನ್ನು ಎಣಿಸುವುದು ಜಗಳವಿಲ್ಲದ ದಾರಿ.

ಊಟದ ಪಟ್ಟಿಯಲ್ಲಿ ನನ್ನ ಹಟ ಒಂದೇ, ಬಗೆಗಳು ಕಡಿಮೆಯಿರಲಿ, ಎಲ್ಲವೂ ಬಿಸಿಯಾಗಿರಲಿ. ಕೋಸಂಬರಿ, ಎರಡು ಪಲ್ಯ, ಮಾವಿನಕಾಯಿ ಚಿತ್ರಾನ್ನ, ತೊವ್ವೆ, ಸಾರು, ಹುಳಿ, ಹಪ್ಪಳ, ಒಂದು ಪಾಯಸ, ಕಾವಲಿಯಿಂದ ನೇರ ಎಲೆಗೆ ಬರುವ ಒಬ್ಬಟ್ಟು ಮತ್ತು ಅದರ ಮೇಲೆ ಕೈ ಬಿಗಿಹಿಡಿಯದೆ ಬಡಿಸುವ ತುಪ್ಪ. ಗೋಬಿ ಮಂಚೂರಿ, ಪನೀರು, ರೋಟಿ, ಚಾಟ್ ಅಂಗಡಿ, ಐಸ್‌ಕ್ರೀಮ್ ಇವನ್ನು ಮದುವೆಯ ಮನೆಯಲ್ಲಿ ತಿಂದು ಯಾರೂ ಹತ್ತು ವರ್ಷ ನೆನೆಸಿಕೊಂಡದ್ದಿಲ್ಲ. ಒಬ್ಬಟ್ಟನ್ನು ನೆನೆಸಿಕೊಂಡವರಿದ್ದಾರೆ. ಒಬ್ಬಟ್ಟಿಗೆ ಕೈಗಳು ಬಹಳ ಬೇಕು, ಕೂಲಿ ಏರುತ್ತದೆ ಎನಿಸಿದರೆ ಬೂಂದಿ ಲಾಡು ಹಿಂದಿನ ದಿನವೇ ಕಟ್ಟಿಸಿಡಿ. ಬಾಡೂಟದ ಬೀಗರೌತಣ ಮಾಡುವ ಮನೆಗಳು ಅದನ್ನು ನಿಜವಾದ ಬೀಗರಿಗಷ್ಟೇ, ಮನೆಯಂಗಳಕ್ಕಷ್ಟೇ ಸೀಮಿತ ಮಾಡಬೇಕು. ಧಾರೆಯಲ್ಲಿ ಉಳಿಸಿದ್ದನ್ನು ಕುರಿ ಮಾಂಸಕ್ಕೆ ಕಳೆದುಕೊಂಡ ಮನೆಗಳು ಮಂಡ್ಯದ ಕಡೆ ಎಷ್ಟೋ.

ತಾಂಬೂಲದ ಚೀಲಕ್ಕೆ ಈಗಿನ ತೆಂಗಿನಕಾಯಿ ಬೆಲೆಯಲ್ಲಿ ಎಲ್ಲರಿಗೂ ಕಾಯಿ ಹಾಕುವುದು ಕಷ್ಟ. ಹಿರಿಯ ಮುತ್ತೈದೆಯರಿಗೆ ಕಾಯಿ, ಉಳಿದವರಿಗೆ ಬಾಳೆಹಣ್ಣು, ಎಲೆ ಅಡಿಕೆ ಸಾಕು. ಪ್ಲಾಸ್ಟಿಕ್ ಚೀಲವನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ಕಾಗದದ ಚೀಲ ತನ್ನಿ.

ಚಿನ್ನ, ಸೀರೆ

ಶಾಸ್ತ್ರಕ್ಕೆ ಬೇಕಾದದ್ದು ಅರಿಶಿನ ದಾರದಲ್ಲಿ ಕೋದ ಎರಡು ತಾಳಿ ಬೊಟ್ಟು. ಸರ ಆಮೇಲೂ ಆಗಬಹುದು. ಕೊಳ್ಳುವಾಗ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಗುರುತು ನೋಡಿ, ಬಿಲ್ಲಿನಲ್ಲಿ ತೂಕ, ಮಜೂರಿ, ವೇಸ್ಟೇಜ್ ಬೇರೆ ಬೇರೆ ಬರೆಸಿ. ಕೆತ್ತನೆ ಹೆಚ್ಚಿದ್ದಷ್ಟೂ ವೇಸ್ಟೇಜ್ ಹೆಚ್ಚು, ಮುಂದೆ ಮಾರಲು ಹೋದಾಗ ಅದರಲ್ಲಿ ಒಂದು ಪೈಸೆಯೂ ಹಿಂತಿರುಗುವುದಿಲ್ಲ. ಅಜ್ಜಿಯ ಹಳೆಯ ಅಡ್ಡಿಕೆಯೋ ಕಾಸಿನ ಸರವೋ ಇದ್ದರೆ ಕರಗಿಸಬೇಡಿ, ಪಾಲಿಶ್ ಮಾಡಿಸಿ ಹಾಕಿ. ಹೊಸದಕ್ಕಿಲ್ಲದ ಘನತೆ ಅದಕ್ಕಿದೆ. ಉಡುಗೊರೆಯಾಗಿ ಬಂದದ್ದೆಲ್ಲವನ್ನೂ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿಡಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮಗಳು ಹೇಳುತ್ತವೆ. ಬಹಳ ಮನೆಗಳಲ್ಲಿ ಯಾರೂ ಮಾಡುವುದಿಲ್ಲ, ನೀವು ಮಾಡಿ.

ಧಾರೆ ಸೀರೆ ಒಂದು ಒಳ್ಳೆಯದಿರಲಿ. ಮೊಳಕಾಲ್ಮೂರಿನ ರೇಷ್ಮೆಯನ್ನು ನೇಕಾರರ ಮನೆಯಿಂದ ಅಥವಾ ಸಹಕಾರ ಸಂಘದಿಂದ ತಂದರೆ ನಡುವಿನ ಲಾಭ ಉಳಿಯುತ್ತದೆ. ಉಳಿದ ಶಾಸ್ತ್ರಗಳಿಗೆ ಅಮ್ಮನ ಸೀರೆಗೆ ಹೊಸ ರವಿಕೆ ಹೊಲಿಸಿದರೆ ಸಾಕು. ಗಂಡಿಗೆ ಪಂಚೆ ಶಲ್ಯ. ಒಂದು ದಿನ ಹಾಕುವ ಶೇರವಾನಿ ಯಾಕೆ?

ನೆನಪಿಗೆ ಉಳಿಯುವುದು

ಉಳಿಸಿದ ಹಣದಲ್ಲಿ ಸ್ವಲ್ಪವನ್ನೂ, ಉಳಿಸಿದ ಹೊತ್ತಿನಲ್ಲಿ ಬಹಳಷ್ಟನ್ನೂ ಇಲ್ಲಿ ಸುರಿಯಿರಿ. ಒಂದೇ ದಿನದ ಮದುವೆಯಿಂದ ಆಗುವ ದೊಡ್ಡ ಲಾಭ, ಅದರ ಹಿಂದಿನ ದಿನಗಳು ಮನೆಯವರಿಗೆ ಸಿಗುತ್ತವೆ. ಅರಿಶಿನ ಕುಟ್ಟುವುದು, ಚಪ್ಪರ ಹಾಕುವುದು, ಬಳೆ ಶಾಸ್ತ್ರ ಎಲ್ಲವೂ ಮನೆಯಲ್ಲಿ, ಹತ್ತಿರದವರ ನಡುವೆ ಆಗಲಿ. ಬಾಡಿಗೆಗೆ ತಂದ ಹಳದಿ ಕುಶನ್ನುಗಳೂ ಹಿಂದಿ ಹಾಡುಗಳೂ ಇರುವ “ಹಲ್ದಿ” ಈಗ ನಮ್ಮ ಹಳ್ಳಿಗಳಿಗೂ ಬಂದಿದೆ. ನಮ್ಮದೇ ಅರಿಶಿನ ಎಣ್ಣೆ ಶಾಸ್ತ್ರಕ್ಕೆ ಬೇಕಾದದ್ದು ಒರಳು, ಒನಕೆ ಮತ್ತು ಹಾಡಲು ಬರುವ ಐದು ಮಂದಿ ಮುತ್ತೈದೆಯರು.

ಹಾಡು ಎಂದೆ. ಸೋಬಾನೆ ಪದ ಬರುವ ಅಜ್ಜಿಯರು ನಿಮ್ಮ ನೆಂಟರಲ್ಲಿ ಇನ್ನೂ ಇಬ್ಬರಾದರೂ ಇರುತ್ತಾರೆ. ಮದುವೆಗೆ ತಿಂಗಳು ಮೊದಲೇ ಅವರ ಮನೆಗೆ ಹೋಗಿ, ಮೊಬೈಲಿನಲ್ಲಿ ಹಾಡು ಮುದ್ರಿಸಿಕೊಂಡು, ಸಾಲುಗಳನ್ನು ಬರೆದುಕೊಂಡು, ಮನೆಯ ಹೆಣ್ಣುಮಕ್ಕಳಿಗೆ ಕಲಿಸಿ. ಹಸೆಗೆ ಕರೆಯುವಾಗ, ಧಾರೆ ಎರೆಯುವಾಗ, ಹೆಣ್ಣು ಒಪ್ಪಿಸುವಾಗ ಒಂದೊಂದು ಹಾಡು ಬಂದರೆ ಸಾಕು. ಒಪ್ಪಿಸುವ ಹಾಡಿಗೆ ಅಳದ ಮನೆ ಇಲ್ಲ. ಅದಕ್ಕೆ ಕೊಡಬೇಕಾದ ಸಂಭಾವನೆ ಒಂದು ಸೀರೆ. ಮರ್ಯಾದೆ ಸೀರೆ ನಿಲ್ಲಿಸಿದ ಮೇಲೂ ಆ ಒಂದು ಸೀರೆಯನ್ನು ನಿಲ್ಲಿಸಬೇಡಿ.

ಅಲಂಕಾರಕ್ಕೂ ಇದೇ ಮಾತು. ಸಾಗರ, ಶಿವಮೊಗ್ಗದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ: ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ನಿಮ್ಮ ಕಡೆ ಆ ಪದ್ಧತಿ ಇಲ್ಲದಿದ್ದರೆ ರಂಗೋಲಿ ಇದೆ. ವೇದಿಕೆಯ ಹಿಂದೆ ಪ್ಲಾಸ್ಟಿಕ್ ಹೂವಿನ ಗೋಡೆಯ ಬದಲು ಬಾಳೆಕಂದು, ಹೊಂಬಾಳೆ, ಮಾವಿನ ತೋರಣ, ಚೆಂಡುಹೂವಿನ ಸರ. ಹೂವು ಕಟ್ಟುವುದನ್ನು ಹಿಂದಿನ ರಾತ್ರಿ ಮನೆಯವರೇ ಕುಳಿತು ಕಟ್ಟಿದರೆ ಕೂಲಿಯೂ ಉಳಿಯುತ್ತದೆ, ಹರಟೆಯೂ ಆಗುತ್ತದೆ.

ಓಲಗವನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ. ಮುಹೂರ್ತದ ಗಳಿಗೆಯಲ್ಲಿ ಗಟ್ಟಿಮೇಳ ಮೊಳಗದಿದ್ದರೆ ಅದು ಸಭೆ, ಮದುವೆಯಲ್ಲ. ಬೇರೆ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಹೆಸರಿನಲ್ಲಿ ಹಣ ಕೇಳಿಕೊಂಡು ಯಾರಾದರೂ ಬಂದಾರು ಎಂಬ ಭಯ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆ ಮದುವೆಯ ಸಮಾರಂಭಕ್ಕೆ ವಿನಾಯಿತಿ ಕೊಟ್ಟಿದೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಮಾತ್ರ ಇಲ್ಲ.

ಫೋಟೋದವರನ್ನು ಧಾರೆಯ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಾತ್ರ ಕರೆಸಿ. ಮದುವೆಗೆ ಮುಂಚಿನ ಕೆರೆ ದಂಡೆಯ ಚಿತ್ರೀಕರಣ ಬೇಡ. ಯಾರ ಯಾರ ಜೊತೆ ಗುಂಪು ಚಿತ್ರ ಬೇಕು ಎಂಬ ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಮುಖಪರಿಚಯವಿರುವ ಒಬ್ಬ ಹುಡುಗನನ್ನು ಅವರ ಜೊತೆ ಬಿಡಿ. ಇಲ್ಲದಿದ್ದರೆ ಆಲ್ಬಂ ತುಂಬ ಕೊಬ್ಬರಿ ಗಿಟುಕಿನ ಚಿತ್ರಗಳಿರುತ್ತವೆ, ದೊಡ್ಡಪ್ಪ ಇರುವುದಿಲ್ಲ. ಎಲ್ಲ ಮೂಲ ಚಿತ್ರಗಳನ್ನೂ ಪೆನ್‌ಡ್ರೈವ್‌ನಲ್ಲಿ ಕೊಡಬೇಕೆಂದು ಮುಂಗಡಕ್ಕೆ ಮೊದಲೇ ಮಾತಾಗಲಿ.

ಲಗ್ನಪತ್ರಿಕೆ ನೂರು ಅಚ್ಚು ಹಾಕಿಸಿ, ಅರಿಶಿನ ಕುಂಕುಮ ಹಚ್ಚಿ ಹಿರಿಯರಿಗೆ ಕೊಡಲು. ಉಳಿದವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಆದರೆ ಕಳಿಸಿದ ಮೇಲೆ ಫೋನು ಮಾಡಿ ಬಾಯಲ್ಲಿ ಕರೆಯಿರಿ. ಕರೆಯದೆ ಬರಿಯ ಪತ್ರಿಕೆ ಕಳಿಸಿದ್ದನ್ನು ನಮ್ಮ ಜನ ಕ್ಷಮಿಸುವುದಿಲ್ಲ.

ಇನ್ನೂ ಕಡಿಮೆಯಲ್ಲಿ ಆಗಬೇಕಾದರೆ

1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಂತ್ರ ಮಾಂಗಲ್ಯದ ಕ್ರಮದಲ್ಲಿ ಮಾಡಿದರು. ವಧೂವರರು ಕನ್ನಡದಲ್ಲಿ ಪ್ರತಿಜ್ಞೆ ಮಾಡುವ ಈ ಪದ್ಧತಿಯಲ್ಲಿ ಇಂದಿಗೂ ಮದುವೆಗಳು ನಡೆಯುತ್ತಿವೆ. ಹಿರಿಯರೊಬ್ಬರು ಓದಿಸುವುದು, ಹತ್ತಿರದವರು ಕೇಳುವುದು, ಒಂದು ಸರಳ ಊಟ, ಅಷ್ಟೇ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಮುಜರಾಯಿ ಇಲಾಖೆ ಸಪ್ತಪದಿ ಎಂಬ ಹೆಸರಿನಲ್ಲಿ ಆರಂಭಿಸಿದ ಸಾಮೂಹಿಕ ವಿವಾಹ ಯೋಜನೆಯೂ ಇದೆ. ದೊಡ್ಡ ದೇವಸ್ಥಾನಗಳ ಕಚೇರಿಯಲ್ಲಿ ವಿಚಾರಿಸಿ.

ಶಾಸ್ತ್ರವೇ ಬೇಡ ಎನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ವಿವಾಹ ಅಧಿಕಾರಿಗೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ಹಿಂದೂ ವಿವಾಹ ಕಾಯ್ದೆಯ ದಾರಿ ಬೇರೆ: ಅಲ್ಲಿ ಮೊದಲು ಮದುವೆ, ಆಮೇಲೆ ನೋಂದಣಿ. ಶಾಸ್ತ್ರವನ್ನೇ ಮಾಡದೆ ಪ್ರಮಾಣಪತ್ರ ಮಾತ್ರ ಪಡೆದರೆ ಮದುವೆಯಾದಂತಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಖರ್ಚು ಉಳಿಸುವ ಆತುರದಲ್ಲಿ ಈ ಎರಡನ್ನೂ ಬೆರೆಸಬೇಡಿ.

ಆ ದಿನ ಮತ್ತು ಆಮೇಲೆ

ಧಾರೆಯ ದಿನ ಹೆಣ್ಣಿನ ಅಪ್ಪ ಅಮ್ಮನ ಕೈಯಲ್ಲಿ ಹಣದ ಚೀಲ ಇರಬಾರದು. ಯಾರಿಗೆ ಎಷ್ಟು ಬಾಕಿ ಎಂದು ಬರೆದ ಒಂದೊಂದು ಕವರನ್ನು ಹಿಂದಿನ ದಿನವೇ ಮಾಡಿ, ಲೆಕ್ಕ ಬರುವ ಒಬ್ಬರಿಗೆ ಒಪ್ಪಿಸಿ. ಓಲಗದವರು, ಪುರೋಹಿತರು, ಎಲೆ ಎತ್ತುವವರು, ಛತ್ರದ ಕಾವಲುಗಾರ ಎಲ್ಲರೂ ಅವರನ್ನೇ ಕೇಳಲಿ. ಉಗ್ರಾಣಕ್ಕೊಬ್ಬರು, ಬಡಿಸುವ ಪಂಕ್ತಿಗೊಬ್ಬರು, ಹಿರಿಯರನ್ನು ಬಸ್ ನಿಲ್ದಾಣದಿಂದ ಕರೆತರಲು ಒಬ್ಬರು ಇದ್ದರೆ ಉಳಿದದ್ದು ತಾನೇ ನಡೆಯುತ್ತದೆ. ಉಳಿಯುವ ಊಟಕ್ಕೆ ಹತ್ತಿರದ ಹಾಸ್ಟೆಲ್ಲನ್ನೋ ಅನಾಥಾಶ್ರಮವನ್ನೋ ಮೊದಲೇ ಗೊತ್ತು ಮಾಡಿಡಿ, ಅದು ಹಳಸುವ ಮೊದಲೇ ಹೋಗಬೇಕು.

ವಾರದೊಳಗೆ ನೋಂದಣಿ ಮುಗಿಸಿ. ಲಗ್ನಪತ್ರಿಕೆ, ಮಾಂಗಲ್ಯಧಾರಣೆಯ ಮತ್ತು ಸಪ್ತಪದಿಯ ಚಿತ್ರ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳ ವಿವರ ಒಂದೇ ಕಡತದಲ್ಲಿರಲಿ. ಕರ್ನಾಟಕದಲ್ಲಿ ಹಿಂದೂ ವಿವಾಹ ನೋಂದಣಿಗೆ 2024ರಿಂದ ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ಅದು ಹಿಡಿಸದವರಿಗೆ ಉಪನೋಂದಣಾಧಿಕಾರಿಗಳ ಕಚೇರಿ ಇದ್ದೇ ಇದೆ. ಪಾಸ್‌ಪೋರ್ಟಿಗೆ, ವೀಸಾಕ್ಕೆ ಪ್ರಮಾಣಪತ್ರ ಬೇಕಾದಾಗ ಓಡಾಡುವ ಗೋಳು ತಪ್ಪುತ್ತದೆ.

ಕೊನೆಯದಾಗಿ ಮುಯ್ಯಿ ಪುಸ್ತಕ. ಯಾರು ಎಷ್ಟು ಹಾಕಿದರು ಎಂದು ಮದುವೆಯ ಗಡಿಬಿಡಿಯಲ್ಲಿ ಬರೆದ ಅಕ್ಷರ ತಿಂಗಳು ಕಳೆದರೆ ಬರೆದವರಿಗೇ ಓದಲು ಬರುವುದಿಲ್ಲ. ಮರುದಿನವೇ ಕುಳಿತು ಊರಿನ ಹೆಸರು, ಮನೆಯ ಹೆಸರು ಸಮೇತ ಶುದ್ಧ ಪ್ರತಿ ಮಾಡಿ, ಒಂದನ್ನು ತವರಿನಲ್ಲಿ, ಒಂದನ್ನು ಹೊಸ ದಂಪತಿಗಳ ಕೈಯಲ್ಲಿ ಇಡಿ. ಮುಂದಿನ ಹತ್ತು ಹದಿನೈದು ವರ್ಷ ಯಾರ ಮನೆಯ ಮದುವೆಗೆ ಎಷ್ಟು ಹಾಕಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ಆ ಪುಸ್ತಕ ಹೊರಬರುತ್ತದೆ.